ಮೂರು ವೈ ಇರುವ ಶಬ್ದ: ಮೇಡಂ ಹತ್ತಿರ ಕೇಳಿ

ಅಡ್ಮಿನ್: ಇವತ್ತು ಸಂಜೆ ಏಳರವರೆಗೆ ಮೇಡಂ ಇರ್ತಾರೆ. ಉಡುಪಿಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವರು. ಶಬ್ದ, ಸ್ಪೆಲ್ಲಿಂಗ್, ಮೂಲ ಇಷ್ಟೇ ಕೇಳಿ. ಸ್ಟಿಕ್ಕರ್ ಹಾಕ್ಬೇಡಿ.

ಮಣಿಪಾಲದ ಅಮ್ಮ: ನಮಸ್ತೆ ಮೇಡಂ. ಮಗಳು ಏಳನೇ ಕ್ಲಾಸ್. ಸ್ಪೆಲ್ಲಿಂಗ್ ಸ್ಪರ್ಧೆಯ ಫೈನಲಲ್ಲಿ ‘ಸಿಝಿಜಿ’ ಕೇಳಿದ್ರಂತೆ. ಇವಳು ಕೊನೆಗೊಂದು ವೈ, ಉಳಿದ ಕಡೆ ಐ ಹಾಕಿ ಔಟ್. ರಾತ್ರಿ ಊಟ ಮಾಡ್ಲಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅದನ್ನೇ ಐವತ್ತು ಸಲ ಬರೆದಿದ್ದಾಳೆ, ಕೊನೆಯ ಹತ್ತರಲ್ಲಿ ಪುನಃ ತಪ್ಪು. ಅರ್ಥ ಎಂತ? ಮೂರು ವೈ ಯಾಕೆ?

ಸುರತ್ಕಲ್ ಅಣ್ಣ: ನ್ಯೂಸ್ ಅಂದ್ರೆ ನಾರ್ತ್, ಈಸ್ಟ್, ವೆಸ್ಟ್, ಸೌತ್ ಅಲ್ವಾ ಮೇಡಂ?

ಮೇಡಂ: ಅಲ್ಲ. ನ್ಯೂ, ಅದರ ಬಹುವಚನ ನ್ಯೂಸ್. ಹೊಸತುಗಳು.

ಮಣಿಪಾಲದ ಅಮ್ಮನಿಗೆ: ಕೊನೆಯ ಹತ್ತರಲ್ಲಿ ತಪ್ಪಿದ್ದು ನೋಡಿದ್ರಾ? ಕೈ ಬರೀತಾ ಇತ್ತು, ತಲೆ ಮಲಗಿತ್ತು. ಇನ್ನು ಬರೆಸಬೇಡಿ. ಶಬ್ದವನ್ನು ಬಿಡಿಸಿ ತೋರಿಸಿ. ಎಸ್-ವೈ, ಝಡ್-ವೈ-ಜಿ, ವೈ. ಮೊದಲ ತುಂಡು ಗ್ರೀಕಿನ ‘ಸಿನ್’, ಅಂದರೆ ಜೊತೆ. ಝಡ್ ಎದುರು ಬಂದಾಗ ಅದರ ಎನ್ ಬಿದ್ದುಹೋಗ್ತದೆ. ಸಿಸ್ಟಮ್ ಶಬ್ದದಲ್ಲೂ ಹಾಗೆಯೇ ಬಿದ್ದದ್ದು. ನಡುವಿನದ್ದು ‘ಝಿಗೋನ್’, ನೊಗ. ಒಂದೇ ನೊಗಕ್ಕೆ ಕಟ್ಟಿದ ಜೋಡಿ. ಮಗಳು ಮುಂದೆ ವಿಜ್ಞಾನದಲ್ಲಿ ಝೈಗೋಟ್ (ಅಂಡಾಣು, ವೀರ್ಯಾಣು ಕೂಡಿ ಆಗುವ ಕೋಶ) ಓದುವಾಗ ಇದೇ ನೊಗ ಪುನಃ ಸಿಗ್ತದೆ. ಗ್ರೀಕಿನ ಉಪ್ಸಿಲಾನ್ ಅಕ್ಷರಕ್ಕೆ ರೋಮನರು ವೈ ಬಳಸಿದರು, ಹಾಗಾಗಿ ಮೊದಲೆರಡು ವೈ. ಮೂರನೆಯದರ ಜಾತಿ ಬೇರೆ. ಅದು ‘ಇಯಾ’ ಎಂಬ ಪ್ರತ್ಯಯ ಸವೆದು ಉಳಿದದ್ದು, ಹಿಸ್ಟೋರಿಯಾ ಹೋಗಿ ಹಿಸ್ಟರಿ ಆದ ಹಾಗೆ. ನಿಮ್ಮ ಮಗಳು ಸರಿ ಹಾಕಿದ್ದು ಅದೊಂದನ್ನೇ.

ಅರ್ಥ: ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿಗೆ ಬರುವುದು. ಅಮಾವಾಸ್ಯೆಯೂ ಸಿಝಿಜಿ, ಹುಣ್ಣಿಮೆಯೂ ಸಿಝಿಜಿ. 17ನೇ ಶತಮಾನದಿಂದ ಇಂಗ್ಲಿಷಿನಲ್ಲಿ ಉಂಟು.

ಪುತ್ತೂರು ಕೃಷಿಕ: ಅರೆಕಾ ನಮ್ಮ ಅಡಿಕೆಯಿಂದ ಹೋದದ್ದಾ?

ಬಂಟ್ವಾಳ ಅಕ್ಕ: ಫಾರ್ವರ್ಡ್ ಬಂದದ್ದು: 21 ದಿನ ಬೆಳಿಗ್ಗೆ ಒಂದೆಲಗ ತಿಂದರೆ ಸ್ಪೆಲ್ಲಿಂಗ್ ಮರೆಯೋದೇ ಇಲ್ಲ. ಸಿಝಿಜಿ ದಿನ ಬಾವಿಗೆ ತುಳಸಿ ಹಾಕ್ಬೇಕು, ಕಿರಣ ಬೀಳ್ತದಂತೆ.

ಮೇಡಂ: ಒಂದೆಲಗದ್ದೇ ತಿಮರೆ ಚಟ್ನಿ ನಲ್ವತ್ತು ವರ್ಷದಿಂದ ತಿಂತಾ ಇದ್ದೇನೆ, ಈಗಲೂ ನಿಘಂಟು ನೋಡಿಯೇ ಬರೆಯೋದು. ಸಿಝಿಜಿ ತಿಂಗಳಿಗೆರಡು ಸಲ ಬರ್ತದೆ, ಪ್ರತಿ ಸಲ ತುಳಸಿ ಹಾಕಿದರೆ ಬಾವಿಯಲ್ಲಿ ಕಷಾಯವೇ ಸಿಕ್ಕೀತು. ಮಕ್ಕಳಿಗೆ ಇದನ್ನು ಓದಿಸಬೇಡಿ.

ಮಲ್ಪೆ ಬೋಟಿನವ: ಅಮಾಸೆಗೆ ಸಾಲಾದ್ರೆ ಅಳಿವೆ ಬಾಗಿಲಲ್ಲಿ ನೀರು ಜಾಸ್ತಿ ಏರೋದು ಮರುದಿನವೋ ಅದರ ಮರುದಿನವೋ ಯಾಕೆ? ಶಬ್ದ ತಪ್ಪಾ?

ಮೇಡಂ: ಶಬ್ದ ಸರಿ, ನೀರಿಗೆ ತಡ. ಇಬ್ಬರ ಎಳೆತವೂ ಕೂಡಿ ಬರುವುದು ಆ ದಿನವೇ, ಚಂದ್ರನದ್ದು ಹೆಚ್ಚು, ಸೂರ್ಯನದ್ದು ಅದರ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಸಮುದ್ರ ಅಷ್ಟು ಬೇಗ ಮಾತು ಕೇಳ್ತದಾ? ಆ ದೊಡ್ಡ ಉಬ್ಬರಕ್ಕೆ ಇಂಗ್ಲಿಷಿನಲ್ಲಿ ಸ್ಪ್ರಿಂಗ್ ಟೈಡ್ ಅಂತಾರೆ. ವಸಂತಕ್ಕೂ ಅದಕ್ಕೂ ಸಂಬಂಧ ಇಲ್ಲ, ನೀರು ಚಿಮ್ಮಿ ಏಳೋದು ಅಂತ ಅರ್ಥ. ನೀವು ನೋಡಿದ್ದನ್ನು ನಾನು ಪುಸ್ತಕದಲ್ಲಿ ಓದಿದ್ದು ಅಷ್ಟೇ.

ಕಾರ್ಕಳ ಮಾಷ್ಟ್ರು: ಝಿಗೋನ್ ಅಂದರೆ ನಮ್ಮ ಯುಗ, ಸಂಸ್ಕೃತದಲ್ಲಿ ಅದಕ್ಕೆ ನೊಗ ಅಂತಲೂ ಅರ್ಥ. ಯೋಗ, ಯುಗಳ, ಇಂಗ್ಲಿಷಿನ ಯೋಕ್ ಎಲ್ಲ ಸಂಸ್ಕೃತದಿಂದ ಹೋದದ್ದು. ನೊಗವೂ ಯುಗದ್ದೇ ರೂಪ.

ತುಳು ಅಭಿಮಾನಿ: ನಿಲ್ಲಿ ಮಾಷ್ಟ್ರೆ. ತುಳುವಲ್ಲಿ ನುಗ, ತಮಿಳಲ್ಲಿ ನುಗಂ. ಗದ್ದೆ ಉತ್ತವರು ನಾವು, ಹೆಸರಿಡ್ಲಿಕ್ಕೆ ನೀವಾ?

ಕಾರ್ಕಳ ಮಾಷ್ಟ್ರು: ಓದಿ ಮಾತಾಡಿ.

ತುಳು ಅಭಿಮಾನಿ: ನೀವು ಉತ್ತು ಮಾತಾಡಿ.

ಮೇಡಂ: ಮಾಷ್ಟ್ರೆ, ಗ್ರೀಕು ಸಂಸ್ಕೃತದ ಮಗಳಲ್ಲ, ತಂಗಿ. ಎರಡಕ್ಕೂ ಮೂಲ ಒಂದೇ, ಆ ಮೂಲಭಾಷೆ ಈಗ ಉಳಿದಿಲ್ಲದಿರಬಹುದು ಅಂತ ಭಾಷಾ ಪಂಡಿತ ವಿಲಿಯಂ ಜೋನ್ಸ್ 1786ರಲ್ಲೇ ಕಲ್ಕತ್ತೆಯಲ್ಲಿ ಹೇಳಿ ಆಗಿದೆ. ನೊಗದ ಜಗಳ ನನಗೆ ಬೇಡ. 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಉಂಟು. ಇಬ್ಬರೂ ಅದನ್ನು ಬಿಡಿಸಿ ನೋಡಿ ಆಮೇಲೆ ಬೈದುಕೊಳ್ಳಿ.

ಪುತ್ತೂರು ಕೃಷಿಕ: ಮೇಡಂ, ಅಡಿಕೆ?

ಬಜ್ಪೆ ತಮ್ಮ: ಹಾಗಾದ್ರೆ ಪ್ರತಿ ಅಮಾವಾಸ್ಯೆಗೆ ಗ್ರಹಣ ಯಾಕೆ ಇಲ್ಲ?

ಮೇಡಂ: ಚಂದ್ರನ ದಾರಿ ಐದು ಡಿಗ್ರಿಯಷ್ಟು ಓರೆ. ಹೆಚ್ಚಿನ ಸಲ ನೆರಳು ತಪ್ಪಿ ಹೋಗ್ತದೆ.

ಕುಂದಾಪುರದವ: ಈಗ ಸೇರಿದೆ. ಆ ಶಬ್ದದ ಸ್ಪೆಲ್ಲಿಂಗ್ ಎಂತ?

ಮೇಡಂ: ಮೇಲೆ ಉಂಟು.

ಸುರತ್ಕಲ್ ಅಣ್ಣ: ಆದ್ರೂ ನ್ಯೂಸ್ ನಾಲ್ಕು ದಿಕ್ಕಿಂದ ಬರ್ತದಲ್ವಾ ಮೇಡಂ?

ಮೇಡಂ: ಮೇಲೆ ಉಂಟು ಅಂತ ಹೇಳಿದೆ.

ಮಣಿಪಾಲದ ಅಮ್ಮ: ಮಗಳು ನೋಡದೆ ಒಂದೇ ಸಲಕ್ಕೆ ಸರಿ ಬರೆದ್ಲು ಮೇಡಂ. ಮೂರನೇ ವೈಯ ಕೆಳಗೆ ಮಾತ್ರ ಗೆರೆ ಎಳೆದಿದ್ದಾಳೆ.

ತುಳು ಅಭಿಮಾನಿ: ಮಾಷ್ಟ್ರು ಆಫ್‌ಲೈನ್ ಹೋದ್ರಾ?

ಬಿಜೈ ಆಂಟಿ: ಯೋಗದ ವಿಷ್ಯ ಬಂತಲ್ಲ, ಕದ್ರಿ ಹತ್ರ ಬೆಳಿಗ್ಗೆ ಕ್ಲಾಸ್ ಉಂಟಾ? ಫೀಸ್ ಎಷ್ಟು?