ಗೈಡ್ ರೈಲ್ ಕಚ್ಚಿದ್ದು ಯಾರು?

ಕೋಥ್ರೂಡ್ ಚಿಕ್ಕಪ್ಪ: ಎಲ್ಲರೂ ಫೋಟೋ ನೋಡಿ. ಮೂರು ಮನೆ ಸೇರಿ ಕೊಂಡ ಗೈಡ್ ರೈಲ್ ಇದು, ಕರೆಂಟ್ ಗರಗಸ ನೇರ ಓಡಲೆಂದು ಹಲಗೆ ಮೇಲಿಡುವ ಅಲ್ಯುಮಿನಿಯಂ ಹಳಿ. ಗರಗಸ ಜಾರುವ ಉಬ್ಬಿನ ಮೇಲೆ ಕಚ್ಚು ಬಿದ್ದಿದೆ. ಪ್ಲೈ ಸಿಬಿರು ಏಳದಂತೆ ತಡೆಯುವ ಅಂಚಿನ ಕಪ್ಪು ಪಟ್ಟಿಯೂ ಹಾಳಾಗಿದೆ. ಯಾರ ಘನಕಾರ್ಯ?

ಚಿಂಚವಡ ತಮ್ಮ: ಕಚ್ಚು ನಂದೇ ಚಿಕ್ಕಪ್ಪ. ಉದ್ದನೆ ರೈಲ್ ಮೇಲಿಟ್ಟು ಪ್ಲೈ ಕೊಯ್ಯುತ್ತಿದ್ದೆ. ಈ ಗಿಡ್ಡ ರೈಲ್ ಪ್ಲೈ ಕೆಳಗೇ ಉಳಿದಿತ್ತು, ನೋಡಲಿಲ್ಲ. ಪುಣ್ಯಕ್ಕೆ ಬ್ಲೇಡು ಕೆಳಗೆ ಎರಡೇ ಎಂಎಂ ಇಳಿದಿತ್ತು.

ಕೋಥ್ರೂಡ್ ಚಿಕ್ಕಪ್ಪ: ಪುಣ್ಯವಂತೆ! ವೆಲ್ಡಿಂಗ್ ಮಾಡಿಸು, ಇಲ್ಲ ಹೊಸದು ತಂದುಕೊಡು.

ಭೋಸರಿ ಮಾವ: ವೆಲ್ಡಿಂಗ್ ಮಾತ್ರ ಬೇಡ. ತೆಳು ಅಲ್ಯುಮಿನಿಯಂ, ಶಾಖಕ್ಕೆ ಸೊಟ್ಟಗಾದರೆ ಇಡೀ ರೈಲ್ ಗುಜರಿಗೆ. ಸುತ್ತಿಗೆಯನ್ನೂ ಮುಟ್ಟಬೇಡಿ. ತಗ್ಗು ಇದ್ದರೆ ಗರಗಸ ಅದರ ಮೇಲೆ ಹಾಯಾಗಿ ದಾಟುತ್ತದೆ. ತೊಂದರೆ ಕೊಡುವುದು ತಗ್ಗಿನ ಪಕ್ಕ ಎದ್ದು ನಿಂತ ಚೂಪು ಲೋಹದಂಚು, ಅಂದರೆ ಬರ್. ನಯವಾದ ಅರದಿಂದ ಅದನ್ನಷ್ಟೇ ಉಜ್ಜು. ಅರಕ್ಕೆ ಮೊದಲು ಸೀಮೆಸುಣ್ಣ ತಿಕ್ಕು, ಇಲ್ಲದಿದ್ದರೆ ಅಲ್ಯುಮಿನಿಯಂ ಹಲ್ಲಲ್ಲಿ ಕೂತು ಹೊಸ ಗೀರು ಹಾಕುತ್ತದೆ. ಬೆರಳು ಆಡಿಸಿದರೆ ಎಲ್ಲೂ ತಡೆಯಬಾರದು, ಅಷ್ಟೇ.

ಕೋಥ್ರೂಡ್ ಚಿಕ್ಕಪ್ಪ: ಬಗ್ಗಿದ್ದರೆ?

ಭೋಸರಿ ಮಾವ: ರೈಲ್ ಅಂಚಿಗೆ ಪೆನ್ಸಿಲ್ ಹಿಡಿದು ಗೆರೆ ಎಳಿ. ರೈಲನ್ನು ಗೆರೆಯ ಆಚೆ ಬದಿಗೆ ತಿರುಗಿಸಿಟ್ಟು, ಅದೇ ಅಂಚನ್ನು ಗೆರೆಯ ಎರಡು ತುದಿಗೆ ಕೂಡಿಸಿ ಮತ್ತೆ ಎಳಿ. ಎರಡೂ ಒಂದೇ ಆದರೆ ನೇರ. ನಡುವೆ 1 ಎಂಎಂ ಸಂದಿ ಕಂಡರೆ ನಿಜವಾದ ಬಾಗು ಅರ್ಧ ಎಂಎಂ.

ಚಿಂಚವಡ ತಮ್ಮ: ಈಗಲೇ ಎಳೆದೆ ಮಾವ. ಫೋಟೋ ಹಾಕಿದ್ದೇನೆ. ಒಂದೇ ಗೆರೆ!

ಅತ್ತೆ: ಊರಲ್ಲಿ ನಮ್ಮ ಬಡಗಿ ದಾರಕ್ಕೆ ಕೆಮ್ಮಣ್ಣು ಹಚ್ಚಿ ಟಪ್ಪಂತ ಹೊಡೆಯುತ್ತಿದ್ದ. ಅದಕ್ಕೆ ರೈಲೂ ಬೇಡ, ಜಗಳವೂ ಬೇಡ.

ಚಿಂಚವಡ ತಮ್ಮ: ಪಟ್ಟಿಯ ಕೇಸು ಮಾತ್ರ ನನ್ನ ತಲೆಗೆ ಕಟ್ಟಬೇಡಿ. ಪಟ್ಟಿಯನ್ನು ಮೊದಲು ಕತ್ತರಿಸಿದ ಗರಗಸಕ್ಕೆ ಮಾತ್ರ ಅದು ಸರಿ ಹೊಂದುವುದು. ಹೋದ ತಿಂಗಳು ಇದೇ ರೈಲ್ ಮೇಲೆ ಬೇರೆ ಗರಗಸ ಓಡಿಸಿದ್ದು ಯಾರು?

ಕೋಥ್ರೂಡ್ ಚಿಕ್ಕಪ್ಪ: ಒಂದೇ ಒಂದು ಬಾಗಿಲಿಗೆ ಮಾರಾಯ.

ಭೋಸರಿ ಮಾವ: ಸಾಕು ಬಿಡಪ್ಪ. ಆ ಬೇರೆ ಗರಗಸದ ಬ್ಲೇಡು ರೈಲಿಗೆ ಇನ್ನೂ ಹತ್ತಿರ ಕೂತಿರುತ್ತದೆ, ಪಟ್ಟಿ ಅಷ್ಟೂ ಸವರಿ ಹೋಗಿದೆ. ಆಮೇಲೆ ನಮ್ಮ ಗರಗಸದಲ್ಲಿ ಪ್ಲೈ ಅಂಚು ಸಿಬಿರು ಏಳದೆ ಇರುತ್ತದಾ? ಹಳೇ ಪಟ್ಟಿ ಕೀಳಿ. ಅಂಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಲಿ. ಹೊಸದನ್ನು ಸ್ವಲ್ಪ ಹೊರಗೆ ಚಾಚಿ ಅಂಟಿಸಿ. ಕೆಳಗೆ ಬೇಡದ ಪ್ಲೈ ಇಟ್ಟು ನಮ್ಮ ಗರಗಸವನ್ನು ಒಮ್ಮೆ ನಿಧಾನವಾಗಿ ಓಡಿಸಿದರೆ ಅಂಚು ತಾನೇ ಕೂತುಕೊಳ್ಳುತ್ತದೆ.

ಕೋಥ್ರೂಡ್ ಚಿಕ್ಕಪ್ಪ: ಸರಿ, ಪಟ್ಟಿ ದುಡ್ಡು ನಂದು. ಉಜ್ಜುವುದು ಅವನು. ಭಾನುವಾರ ಬರಲಿ, ನನ್ನ ಹತ್ತಿರ ಒಳ್ಳೆ ಅರ ಇದೆ.

ಭೋಸರಿ ಮಾವ: ಹಸಿರು ಹಿಡಿಯದ್ದು ತಾನೇ? ದೀಪಾವಳಿಗೆ ನಮ್ಮ ಮನೆಯಿಂದ ಒಯ್ದದ್ದು?