ಟ್ರ್ಯಾಕಿಗೆ ಒಯ್ಯುವ ಕಾರು: ಎಂಜಿನ್ ಮೌಂಟ್ ಮೊದಲೋ, ವೀಲ್ ಬೇರಿಂಗ್ ಮೊದಲೋ?

ಕಾಳಿತೀರ, ಕಾರವಾರ:

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು 2017ರ ಆಕ್ಟೇವಿಯಾ ಆರ್‌ಎಸ್. 230 ಅಶ್ವಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್, ತಾನೇ ಗೇರು ಬದಲಿಸುವ ಆರು ಗೇರಿನ ಡಿಎಸ್‌ಜಿ. ವರ್ಷದ ಬಹುಪಾಲು ಅದು ಕಾರವಾರ, ಅಂಕೋಲಾ, ಹುಬ್ಬಳ್ಳಿ ಎಂದು ಮನೆಬಳಕೆಯ ಕಾರಾಗಿಯೇ ಓಡುತ್ತದೆ. ವರ್ಷಕ್ಕೆ ಎರಡು ಮೂರು ಸಲ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಒಯ್ಯುತ್ತೇನೆ. ಕಳೆದ ವರ್ಷ ಹೆಚ್ಚು ಹಿಡಿತ ಕೊಡುವ ಸೆಮಿ ಸ್ಲಿಕ್ ಟೈರುಗಳನ್ನೂ ಮುಂದಿನ ಚಕ್ರಗಳಿಗೆ, ಅವುಗಳನ್ನು ಹೊರಕ್ಕೆ ಸರಿಸುವ 15 ಮಿಲಿಮೀಟರಿನ ಸ್ಪೇಸರ್‌ಗಳನ್ನೂ ಹಾಕಿಸಿದೆ.

ಈಗ ಮೂರು ತೊಂದರೆಗಳು ಒಟ್ಟಿಗೇ ಕಾಣಿಸಿಕೊಂಡಿವೆ. ಮೊದಲ ಗೇರಿನಲ್ಲಿ ಜೋರಾಗಿ ಹೊರಟರೆ ಮುಂದಿನ ಚಕ್ರಗಳು ಹಿಡಿತ ಸಿಗದೆ ಕುಪ್ಪಳಿಸುತ್ತವೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಕೆಳಗಿನಿಂದ ‘ಢಕ್’ ಎಂಬ ಸದ್ದು ಬರುತ್ತದೆ. ಎರಡನೆಯದಾಗಿ, ಹೆದ್ದಾರಿಯಲ್ಲಿ 70 ಕಿಲೋಮೀಟರ್ ವೇಗ ದಾಟಿದ ಮೇಲೆ ದುಂಬಿ ಗುಂಯ್‌ಗುಟ್ಟುವಂತಹ ಸದ್ದೊಂದು ಕೇಳುತ್ತದೆ. ಎಡಕ್ಕೆ ತಿರುಗುವಾಗ ಅದು ಏರುತ್ತದೆ, ಬಲಕ್ಕೆ ತಿರುಗುವಾಗ ಬಹುಮಟ್ಟಿಗೆ ಅಡಗುತ್ತದೆ. ಮೂರನೆಯದು ನನ್ನನ್ನು ನಿಜಕ್ಕೂ ಹೆದರಿಸಿದ ಸಂಗತಿ. ಕಳೆದ ಸಲ ಕರಿಯಲ್ಲಿ, ಒಂದು ಉದ್ದನೆಯ ತಿರುವು ಮುಗಿಸಿ ನೇರ ದಾರಿಯಲ್ಲಿ ವೇಗ ಹೆಚ್ಚಿಸಿ ಬ್ರೇಕ್ ಒತ್ತಿದಾಗ ಪೆಡಲ್ ಎಂದಿಗಿಂತ ಅರ್ಧದಷ್ಟು ಹೆಚ್ಚು ಕೆಳಗಿಳಿಯಿತು. ಎರಡನೆಯ ಸಲ ಒತ್ತಿದಾಗ ಏನೂ ಆಗಿಲ್ಲವೆಂಬಂತೆ ಗಟ್ಟಿಯಾಗಿತ್ತು.

ಪರಿಚಯದ ಗ್ಯಾರೇಜಿನವರು ಎಂಜಿನ್ನನ್ನು ಕಾರಿನ ದೇಹಕ್ಕೆ ಹಿಡಿದಿಡುವ ಮೂರೂ ಎಂಜಿನ್ ಮೌಂಟ್‌ಗಳನ್ನು ರಬ್ಬರಿಗಿಂತ ಗಟ್ಟಿಯಾದ ಪಾಲಿಯುರಿಥೇನ್‌ಗೆ ಬದಲಿಸಿ, ವೀಲ್ ಬೇರಿಂಗುಗಳನ್ನೂ ‘ರೇಸಿಂಗ್’ ಮಾದರಿಗೆ ಏರಿಸೋಣ ಎನ್ನುತ್ತಾರೆ. ಮುಂದಿನ ಟ್ರ್ಯಾಕ್ ದಿನಕ್ಕೆ ಎರಡು ತಿಂಗಳು ಉಳಿದಿದೆ, ಕೈಯಲ್ಲಿರುವ ಹಣಕ್ಕೂ ಮಿತಿಯಿದೆ. ಯಾವುದನ್ನು ಮೊದಲು ಮಾಡಿಸಲಿ?

ದೇವಿಮನೆ ತಿರುವು, ಶಿರಸಿ:

ಮೌಂಟುಗಳ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಮೂರನೆಯದಾಗಿ ಬರೆದ ಸಂಗತಿಗಾಗಿ ಕಾರನ್ನು ಈ ವಾರವೇ ಜ್ಯಾಕಿನ ಮೇಲೆ ಏರಿಸಬೇಕು, ಏಕೆಂದರೆ ಎರಡನೆಯದೂ ಮೂರನೆಯದೂ ಒಂದೇ ರೋಗದ ಎರಡು ಲಕ್ಷಣಗಳು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲಬದಿಯ ಚಕ್ರಗಳ ಮೇಲೆ ವಾಲುತ್ತದೆ. ಆಗ ಸದ್ದು ಏರಿದರೆ ಅನುಮಾನ ಬಲಬದಿಯ ಬೇರಿಂಗಿನ ಮೇಲೆ. ಬೇರಿಂಗ್ ಸವೆದು ಸಡಿಲವಾದಾಗ, ತಿರುವಿನಲ್ಲಿ ಹಬ್, ಅಂದರೆ ಚಕ್ರವನ್ನು ಕೂರಿಸುವ ನಡುಭಾಗ, ಒಂದಿಷ್ಟು ಓರೆಯಾಗುತ್ತದೆ, ಅದಕ್ಕೆ ಕೂತಿರುವ ಬ್ರೇಕ್ ಡಿಸ್ಕೂ ಓರೆಯಾಗಿ ಪ್ಯಾಡನ್ನು, ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಒಳಕ್ಕೆ ತಳ್ಳುತ್ತದೆ. ಪ್ಯಾಡ್ ಕೂದಲೆಳೆಯಷ್ಟು ಹಿಂದೆ ಸರಿದರೂ ಆ ಅಂತರವನ್ನು ತುಂಬಲು ಪೆಡಲ್ ಹಲವು ಮಿಲಿಮೀಟರ್ ಹೆಚ್ಚು ಇಳಿಯಬೇಕಾಗುತ್ತದೆ, ಏಕೆಂದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಚಿಕ್ಕದು, ಕ್ಯಾಲಿಪರ್‌ನದು ದೊಡ್ಡದು, ಅದರ ಮೇಲೆ ಪೆಡಲಿನ ಸನ್ನೆಯ ಲೆಕ್ಕವೂ ಸೇರುತ್ತದೆ. ಮೊದಲ ಒತ್ತಿಗೆ ಪ್ಯಾಡ್ ತನ್ನ ಜಾಗಕ್ಕೆ ಮರಳುವುದರಿಂದ ಎರಡನೆಯ ಒತ್ತು ಗಟ್ಟಿಯಾಗಿರುತ್ತದೆ. ಟ್ರ್ಯಾಕಿನವರು ಇದನ್ನು ‘ಪ್ಯಾಡ್ ನಾಕ್ ಆಫ್’ ಎನ್ನುತ್ತಾರೆ.

ಇದನ್ನು ಬ್ರೇಕ್ ಆಯಿಲ್ ಕುದಿಯುವ ತೊಂದರೆಯೊಂದಿಗೆ ಬೆರೆಸಿಕೊಳ್ಳಬಾರದು. ಆಯಿಲ್ ಕುದ್ದರೆ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ, ಬ್ರೇಕ್ ತಣಿಯುವವರೆಗೂ ಹಾಗೆಯೇ ಇರುತ್ತದೆ. ಆದರೂ ನಮ್ಮ ಜಿಲ್ಲೆಯವರು ಈ ವಿಷಯದಲ್ಲೂ ಉದಾಸೀನರಾಗುವಂತಿಲ್ಲ. ಬ್ರೇಕ್ ಆಯಿಲ್ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲಿಗೆ ಕನಿಷ್ಠ 230 ಡಿಗ್ರಿ ಕುದಿಬಿಂದು ಇರಬೇಕೆಂಬ ನಿಯಮವಿದ್ದರೆ, ನೀರು ಹೀರಿದ ಆಯಿಲಿಗೆ ಅದೇ ನಿಯಮ ಕೇಳುವುದು 155 ಡಿಗ್ರಿಯನ್ನು ಮಾತ್ರ. ಕಾರವಾರದ ಒಂದು ಮಳೆಗಾಲ ಕಳೆದ ಆಯಿಲನ್ನು ಹಾಗೆಯೇ ಟ್ರ್ಯಾಕಿಗೆ ಒಯ್ಯಬೇಡಿ.

ಪರೀಕ್ಷೆ ಹೀಗೆ ಮಾಡಿ. ಮುಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸಿ, ಬಲ ಚಕ್ರವನ್ನು ಒಂದು ಕೈಯಿಂದ ತಿರುಗಿಸುತ್ತ ಇನ್ನೊಂದು ಕೈಯ ಬೆರಳುಗಳನ್ನು ಸಸ್ಪೆನ್ಷನ್ನಿನ ಕಾಯಿಲ್ ಸ್ಪ್ರಿಂಗಿನ ಮೇಲೆ ಹಗುರವಾಗಿ ಇಡಿ. ಬೇರಿಂಗ್ ಕೆಟ್ಟಿದ್ದರೆ ಕಿವಿಗೆ ಏನೂ ಕೇಳದಿದ್ದರೂ ಬೀಸುವ ಕಲ್ಲಿನಲ್ಲಿ ಮರಳು ಸಿಕ್ಕಂತೆ ಸಣ್ಣ ಜುಮುಜುಮು ಬೆರಳಿಗೆ ತಾಗುತ್ತದೆ. ಎಡ ಚಕ್ರಕ್ಕೂ ಇದನ್ನೇ ಮಾಡಿ ಎರಡನ್ನೂ ಹೋಲಿಸಿ. ಆಮೇಲೆ ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿ, ಅನಂತರ 3 ಮತ್ತು 9ರ ಜಾಗದಲ್ಲಿ. ಎರಡು ಕಡೆಯೂ ಅಲುಗಾಟ ಸಿಕ್ಕರೆ ಬೇರಿಂಗ್ ಎನ್ನಬಹುದು, 3 ಮತ್ತು 9ರಲ್ಲಿ ಮಾತ್ರ ಸಿಕ್ಕರೆ ಸ್ಟೀರಿಂಗಿನ ಟೈ ರಾಡ್ ನೋಡಬೇಕು.

‘ರೇಸಿಂಗ್’ ಬೇರಿಂಗಿಗೆ ಹಣ ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ನಿಮ್ಮ ಕಾರಿನಲ್ಲಿ ಬೇರಿಂಗ್ ಮತ್ತು ಹಬ್ ಒಂದೇ ಘಟಕವಾಗಿ, ನಾಲ್ಕು ಬೋಲ್ಟುಗಳಿಂದ, ಸಸ್ಪೆನ್ಷನ್ನಿಗೆ ಕೂಡಿ ಹಬ್ಬನ್ನು ಹೊರುವ ಲೋಹದ ತುಂಡಾದ ನಕಲ್‌ಗೆ ಕೂಡುತ್ತವೆ. ಹೆಸರುವಾಸಿ ತಯಾರಕರ ಅಸಲಿ ಘಟಕವನ್ನು ಅಧಿಕೃತ ವಿತರಕರಿಂದ ತರಿಸಿ, ಟ್ರ್ಯಾಕಿನ ಕಾರಿನಲ್ಲಿ ಅದು ಬ್ರೇಕ್ ಪ್ಯಾಡಿನಂತೆ ಸವೆಯುವ ವಸ್ತು ಎಂದು ಒಪ್ಪಿಕೊಳ್ಳಿ. ಏಕೆ ಸವೆಯುತ್ತದೆ ಎಂಬುದಕ್ಕೆ ಒಂದು ಅಂದಾಜು ಲೆಕ್ಕ ಕೊಡುತ್ತೇನೆ. ತೀವ್ರ ತಿರುವಿನಲ್ಲಿ ಹೊರಬದಿಯ ಮುಂದಿನ ಚಕ್ರದ ಮೇಲೆ 600 ಕಿಲೋ ಭಾರ ಬಿದ್ದಿದೆ, ಟೈರು ಅಷ್ಟೇ ಪ್ರಮಾಣದ ಪಾರ್ಶ್ವಬಲವನ್ನು ಹಿಡಿದಿದೆ ಎಂದುಕೊಳ್ಳಿ. ಆ ಬಲ ಸುಮಾರು 5,900 ನ್ಯೂಟನ್. ಅದು ನೆಲದ ಮಟ್ಟದಲ್ಲಿ, ಅಂದರೆ ಬೇರಿಂಗಿನ ಕೇಂದ್ರದಿಂದ ಸುಮಾರು 0.31 ಮೀಟರ್ ಕೆಳಗೆ ವರ್ತಿಸುತ್ತದೆ. ಬೇರಿಂಗನ್ನು ತಿರುಚುವ ಬಲ ಆಗ 1,800 ನ್ಯೂಟನ್ ಮೀಟರ್ ದಾಟುತ್ತದೆ, ನಿಮ್ಮ ಎಂಜಿನ್ನಿನ ಗರಿಷ್ಠ ಟಾರ್ಕಿನ ಐದು ಪಟ್ಟು. ಬಾಲ್ ಬೇರಿಂಗಿನ ಆಯುಷ್ಯ ಭಾರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಭಾರ ಶೇಕಡಾ 26ರಷ್ಟು ಏರಿದರೆ ಆಯುಷ್ಯ ಅರ್ಧಕ್ಕೆ ಬರುತ್ತದೆ. ಸೆಮಿ ಸ್ಲಿಕ್ ಟೈರು ಕೊಡುವ ಹೆಚ್ಚಿನ ಹಿಡಿತಕ್ಕೆ ನೀವು ತೆರುತ್ತಿರುವ ಬೆಲೆ ಇದು.

ಸ್ಪೇಸರ್ ಬಗ್ಗೆ ಹಲವರು ಹೆದರಿಸುತ್ತಾರೆ. ನೇರ ಓಟದಲ್ಲಿ 450 ಕಿಲೋ ಭಾರ 15 ಮಿಲಿಮೀಟರ್ ಹೊರಗೆ ಸರಿದರೆ ಹೆಚ್ಚುವುದು ಸುಮಾರು 66 ನ್ಯೂಟನ್ ಮೀಟರ್, ತಿರುವಿನ ಲೆಕ್ಕದ ಮುಂದೆ ಅದು ಚಿಕ್ಕದು. ಆದರೆ ಅದು ಮನೆಬಳಕೆಯ ಪ್ರತಿ ಕಿಲೋಮೀಟರಿನಲ್ಲೂ ಬೇರಿಂಗಿನ ಮೇಲಿರುತ್ತದೆ, ಹೆದ್ದಾರಿಯ ಗುಂಡಿಗಳಲ್ಲಿ ಹಲವು ಪಟ್ಟಾಗುತ್ತದೆ. ಟೈರು ನಕಲ್‌ಗೆ ತಾಗದಿದ್ದರೆ ಅದನ್ನು ತೆಗೆದಿಡುವುದೇ ಒಳ್ಳೆಯದು.

ಬೇಲೇಕೇರಿ, ಅಂಕೋಲಾ:

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಬೇರಿಂಗ್ ಕೂರಿಸುವ ಕೆಲಸದ ಬಗ್ಗೆ ನನ್ನದೇ ಕಹಿ ಅನುಭವವೊಂದನ್ನು ಹೇಳಬೇಕಾಗಿದೆ. ಎರಡು ವರ್ಷದ ಹಿಂದೆ ಬೇರೆ ಊರಿನ ಗ್ಯಾರೇಜೊಂದರಲ್ಲಿ ಇದೇ ಮಾದರಿಯ ಘಟಕ ಬದಲಿಸಿಕೊಂಡೆ. ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟಿನ ನಡುವಿನ ಬೋಲ್ಟನ್ನು ಕೈಬಿಗಿಯಷ್ಟೇ ಮಾಡಿ, ಲಿಫ್ಟ್ ಬೇರೆ ಕಾರಿಗೆ ಬೇಕೆಂದು ನನ್ನ ಕಾರನ್ನು ಕೆಳಗಿಳಿಸಿ ಅಂಗಳದ ಆಚೆ ತುದಿಯವರೆಗೆ ತಳ್ಳಿದರು. ಆ ಬೋಲ್ಟಿನ ಬಿಗಿಯೇ ಬೇರಿಂಗಿನ ಒಳಗಿನ ಎರಡು ಸಾಲು ಗುಂಡುಗಳನ್ನು ಸರಿಯಾದ ಒತ್ತಡದಲ್ಲಿ ಹಿಡಿದಿಡುತ್ತದೆ; ಅದು ಸಡಿಲವಿರುವಾಗ ಚಕ್ರದ ಮೇಲೆ ಭಾರ ಬಿದ್ದರೆ ಗುಂಡುಗಳು ಓಡುವ ಹಳಿಯ ಅಂಚಿಗೆ ಪೆಟ್ಟಾಗುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಹೊಸ ಬೇರಿಂಗ್ ಮೂರು ಸಾವಿರ ಕಿಲೋಮೀಟರಿಗೇ ಗುಂಯ್‌ಗುಟ್ಟತೊಡಗಿತು. ದಯವಿಟ್ಟು ಎದುರಿಗೆ ನಿಂತು ಕೆಲಸ ಮಾಡಿಸಿ. ಆ ಬೋಲ್ಟ್ ಮತ್ತೆ ಬಳಸುವಂತಹದಲ್ಲ, ಹೊಸದನ್ನೇ ಹಾಕಿಸಿ. ಟಾರ್ಕ್ ಪಾನಾದಿಂದ ಮೊದಲ ಬಿಗಿ, ಅನಂತರ ಇಂತಿಷ್ಟು ಡಿಗ್ರಿ ತಿರುಗಿಸುವ ಕೋನದ ಲೆಕ್ಕದ ಬಿಗಿ. ಅಂಕಿಗಳನ್ನು ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಬೇಕು.

ಕರಾವಳಿಯ ಕಾರಿನಲ್ಲಿ ಇನ್ನೊಂದು ತೊಡಕಿದೆ. ಉಪ್ಪುಗಾಳಿಗೆ ಹಬ್ ಘಟಕ ನಕಲ್‌ನೊಳಗೆ ತುಕ್ಕಿನಿಂದ ಅಂಟಿ ಕೂತಿರುತ್ತದೆ, ಬೋಲ್ಟ್ ತೆಗೆದರೂ ಅಲುಗುವುದಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಪುಲ್ಲರ್‌ನಿಂದ ತೆಗೆಯಬೇಕು. ಹೊರಬಂದ ಮೇಲೆ ನಕಲ್‌ನ ಕೂಡುಮುಖವನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಬೆರಳಾಡಿಸಿದರೆ ಎಲ್ಲೂ ತಡೆಯದಷ್ಟು ನುಣ್ಣಗೆ ಮಾಡಿ. ಅಲ್ಲಿ ಉಳಿದ ಒಂದು ತುಕ್ಕಿನ ಹಕ್ಕಳೆ ಹಬ್ಬನ್ನು ಓರೆಯಾಗಿ ಕೂರಿಸುತ್ತದೆ, ಹಬ್ ಓರೆಯಾದರೆ ಡಿಸ್ಕಿನ ಅಂಚಿನಲ್ಲಿ ಆ ಓರೆ ಇನ್ನಷ್ಟು ಹಿಗ್ಗುತ್ತದೆ, ಪ್ಯಾಡು ಮತ್ತೆ ಹಿಂದೆ ಸರಿಯುತ್ತದೆ. ಹೊಸ ಬೇರಿಂಗಿನ ಸೀಲಿನಲ್ಲಿ ಎಬಿಎಸ್ ಸೆನ್ಸರ್ ಓದುವ ಅಯಸ್ಕಾಂತದ ಉಂಗುರವಿರುತ್ತದೆ. ಅದನ್ನು ಸ್ಪೀಕರಿನ ಪಕ್ಕದಲ್ಲೋ ಅಯಸ್ಕಾಂತದ ಟ್ರೇಯಲ್ಲೋ ಇಡಬಾರದು.

ಟ್ರ್ಯಾಕಿನಿಂದ ಹೊರಬರುವ ಮುನ್ನ ಒಂದು ಸುತ್ತು ನಿಧಾನವಾಗಿ ಓಡಿಸಿ ಬ್ರೇಕ್ ತಣಿಸುವುದನ್ನು ಮರೆಯಬೇಡಿ. ಕಾದ ಡಿಸ್ಕ್ ನಿಂತಲ್ಲೇ ನಿಂತರೆ ಅದರ ಶಾಖ ಹಬ್ಬಿನ ಮೂಲಕ ಬೇರಿಂಗಿನ ಗ್ರೀಸಿಗೂ ಸೀಲಿಗೂ ಇಳಿಯುತ್ತದೆ. ಊರಿನಲ್ಲೂ ಹಾಗೆಯೇ: ಅರಬೈಲ್ ಘಟ್ಟವನ್ನು ಬ್ರೇಕಿನ ಮೇಲೇ ಇಳಿದು ಬಂದು ಮಳೆನೀರು ನಿಂತ ರಸ್ತೆಗೆ ನುಗ್ಗಿದರೆ ಕಾದ ಹಬ್ ತಟ್ಟನೆ ತಣಿದು, ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ.

ದೇವಿಮನೆ ತಿರುವು, ಶಿರಸಿ:

ಮೌಂಟುಗಳ ವಿಷಯ ಬಾಕಿ ಉಳಿದಿತ್ತು. ನಿಮ್ಮ ಎಂಜಿನ್ ಅಡ್ಡಲಾಗಿ ಕೂತಿದೆ. ಒಂದು ಬದಿಯಲ್ಲಿ ಎಂಜಿನ್ ಮೌಂಟ್, ಇನ್ನೊಂದು ಬದಿಯಲ್ಲಿ ಗೇರ್‌ಬಾಕ್ಸ್ ಮೌಂಟ್ ಅದರ ಭಾರ ಹೊರುತ್ತವೆ. ಕೆಳಗೆ, ಸಸ್ಪೆನ್ಷನ್ ಹೊರುವ ಚೌಕಟ್ಟಾದ ಸಬ್‌ಫ್ರೇಮಿಗೆ ಕಟ್ಟಿರುವ, ನಾವು ಡಾಗ್‌ಬೋನ್ ಎನ್ನುವ ಮೂರನೆಯದು ಭಾರ ಹೊರುವುದಿಲ್ಲ. ಎಂಜಿನ್ ಹಿಂದಕ್ಕೂ ಮುಂದಕ್ಕೂ ಉರುಳದಂತೆ ತಡೆಯುವುದಷ್ಟೇ ಅದರ ಕೆಲಸ. ಮೊದಲ ಗೇರಿನಲ್ಲಿ ಟಾರ್ಕ್ ಹನ್ನೆರಡು ಪಟ್ಟಾಗುತ್ತದೆ ಎಂದು ಹಿಡಿದರೂ 350 ಎಂಬುದು 4,200 ನ್ಯೂಟನ್ ಮೀಟರ್ ಆಗುತ್ತದೆ, ಆ ತಿರುಚುವಿಕೆಗೆ ಎದುರು ನಿಲ್ಲುವುದರಲ್ಲಿ ದೊಡ್ಡ ಪಾಲು ಇದೊಂದರದೇ. ಅದರ ರಬ್ಬರ್ ಸೋತಾಗ ಎಂಜಿನ್ ಉರುಳುತ್ತದೆ, ಟೈರು ಜಾರುತ್ತದೆ, ಎಂಜಿನ್ ಮರಳಿ ಬರುತ್ತದೆ, ಟೈರು ಮತ್ತೆ ಕಚ್ಚುತ್ತದೆ. ನಿಮ್ಮ ಕುಪ್ಪಳಿಕೆಯೂ ‘ಢಕ್’ ಸದ್ದೂ ಅಲ್ಲಿಂದಲೇ ಬರುತ್ತಿವೆ ಎಂದು ನನ್ನ ಅಂದಾಜು. ಡಾಗ್‌ಬೋನಿಗೆ ಮಾತ್ರ ಪಾಲಿಯುರಿಥೇನ್ ಒಳತುಂಡು ಹಾಕಿಸಿ, ಅದರಲ್ಲೂ ತೀರಾ ಗಟ್ಟಿಯದನ್ನಲ್ಲ, ಮಧ್ಯಮದ್ದನ್ನು. ಬೋಲ್ಟುಗಳನ್ನು ಕೊನೆಯ ಬಿಗಿ ಮಾಡುವ ಮುನ್ನ ಎಂಜಿನ್ ತನ್ನ ಸಹಜ ಜಾಗದಲ್ಲಿ ನೆಲೆಗೊಂಡಿರಬೇಕು, ಇಲ್ಲವಾದರೆ ರಬ್ಬರು ಮೊದಲ ದಿನದಿಂದಲೇ ಎಳೆತದಲ್ಲಿರುತ್ತದೆ.

ಮೇಲಿನ ಎರಡನ್ನು ಈಗ ಮುಟ್ಟಬೇಡಿ. ನಾಲ್ಕು ಸಿಲಿಂಡರಿನ ಎಂಜಿನ್ 800 ಸುತ್ತಿನ ಐಡಲ್‌ನಲ್ಲಿ ಸೆಕೆಂಡಿಗೆ ಸುಮಾರು 27 ಸಲ ನಡುಗುತ್ತದೆ. ಆ ನಡುಕವನ್ನು ನುಂಗಲೆಂದೇ ಎಂಜಿನ್ ಬದಿಯ ಮೌಂಟಿನೊಳಗೆ ಸಾಮಾನ್ಯವಾಗಿ ದ್ರವ ತುಂಬಿರುತ್ತಾರೆ. ಅದರ ಸುತ್ತ ಎಣ್ಣೆ ಸೋರಿದ ಕಲೆ ಇದೆಯೇ, ರಬ್ಬರು ಸೀಳಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಸೋರಿದ್ದರೆ ಹಳೆಯದರಂತಹುದೇ ಹೊಸದು ಹಾಕಿಸಿ. ಮೂರನ್ನೂ ಗಟ್ಟಿ ಮಾಡಿದರೆ ಮೌಂಟು ನುಂಗುತ್ತಿದ್ದ ಪೆಟ್ಟುಗಳು ಅಲ್ಯೂಮಿನಿಯಂ ಬ್ರಾಕೆಟ್ಟಿಗೂ ದೇಹಕ್ಕೂ ನೇರವಾಗಿ ಹೋಗುತ್ತವೆ, ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಮನೆಯವರು ಬೇಸರಪಡುತ್ತಾರೆ.

ಕಾಳಿತೀರ, ಕಾರವಾರ:

ಐದು ವಾರದ ನಂತರ ಬರೆಯುತ್ತಿದ್ದೇನೆ. ಸ್ಪ್ರಿಂಗಿನ ಮೇಲೆ ಬೆರಳಿಟ್ಟಾಗ ಬಲಬದಿಯಲ್ಲಿ ಜುಮುಜುಮು ಸ್ಪಷ್ಟವಾಗಿ ತಾಗಿತು, ಎಡಬದಿ ರೇಷ್ಮೆಯಂತೆ ತಿರುಗಿತು. ಆದರೂ ಎರಡೂ ಅಷ್ಟೇ ಓಡಿರುವುದರಿಂದ ಮುಂದಿನ ಎರಡೂ ಘಟಕಗಳನ್ನು ಬದಲಿಸಿದೆ. ಬಲಗಡೆಯದು ಹೊರಬರಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು, ನಕಲ್ ಉಜ್ಜಿದಾಗ ಕಾಗದದ ಮೇಲೆ ಬಿದ್ದ ಕೆಂಪು ಪುಡಿ ಒಂದು ಚಮಚದಷ್ಟಿತ್ತು. ಬೋಲ್ಟ್ ಪೂರ್ತಿ ಬಿಗಿಯಾಗುವವರೆಗೆ ಕಾರನ್ನು ಕೆಳಗಿಳಿಸಲು ನಾನು ಬಿಡಲಿಲ್ಲ. ಬ್ರೇಕ್ ಆಯಿಲ್ ಬದಲಿಸಿದೆ, ಸ್ಪೇಸರ್ ತೆಗೆದೆ, ಡಾಗ್‌ಬೋನಿಗೆ ಮಧ್ಯಮ ಒಳತುಂಡು ಹಾಕಿಸಿದೆ. ಗುಂಯ್ ಸದ್ದು ಹೋಗಿದೆ, ‘ಢಕ್’ ನಿಂತಿದೆ, ಹೆದ್ದಾರಿಯ ಉದ್ದನೆಯ ತಿರುವುಗಳ ನಂತರವೂ ಪೆಡಲ್ ಒಂದೇ ಎತ್ತರದಲ್ಲಿ ಸಿಗುತ್ತಿದೆ. ಎಸಿ ಹಾಕಿಕೊಂಡು ರಿವರ್ಸ್ ತೆಗೆದುಕೊಂಡಾಗ ಮಾತ್ರ ಸ್ಟೀರಿಂಗಿನಲ್ಲಿ ಸಣ್ಣ ನಡುಕ ಬರುತ್ತದೆ. ಇದು ಉಳಿಯುವಂಥದ್ದೇ?

ದೇವಿಮನೆ ತಿರುವು, ಶಿರಸಿ:

ಸಾವಿರ ಕಿಲೋಮೀಟರಿನೊಳಗೆ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಟ್ರ್ಯಾಕಿನಲ್ಲಿ ಮೊದಲ ನಾಲ್ಕು ಸುತ್ತು ಮುಗಿಸಿ ಒಳಗೆ ಬಂದು, ತಣಿದ ಮೇಲೆ ಚಕ್ರಗಳನ್ನು ಎತ್ತಿ ಮತ್ತೊಮ್ಮೆ 12 ಮತ್ತು 6ರಲ್ಲಿ ಅಲುಗಿಸಿ ನೋಡಿ, ಡಾಗ್‌ಬೋನಿನ ಬೋಲ್ಟುಗಳಿಗೆ ಬಣ್ಣದ ಗೆರೆ ಎಳೆದಿಟ್ಟು ಅದು ಸರಿದಿದೆಯೇ ಗಮನಿಸಿ. ಏನು ಕಂಡಿತೆಂದು ಇಲ್ಲಿ ಬರೆಯಿರಿ. ನನ್ನ ಕಾರಿಗೂ ಇದೇ ಕೆಲಸ ಮಳೆಗಾಲ ಕಳೆದ ಮೇಲೆ ಆಗಬೇಕಿದೆ.