ಪದಚರ್ಚೆ: ‘ಪ್ಯಾಚ್ ಅಪ್‌ಡೇಟ್’ಗೆ ತೇಪೆ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಸಂಜೆ ಐದರೊಳಗೆ ಒಂದು ಪದ ಬೇಕು. ನಮ್ಮ ಆಫೀಸಿನ ನಕ್ಷೆಗಳೆಲ್ಲ ಪೋಸ್ಟ್‌ಜಿಐಎಸ್‌ನಲ್ಲಿವೆ, ಅಂದರೆ ನಕ್ಷೆಯ ಮಾಹಿತಿ ಇಡುವ ಡೇಟಾಬೇಸ್ ತಂತ್ರಾಂಶದಲ್ಲಿ. ನಾಳೆ ಅದಕ್ಕೆ ಪ್ಯಾಚ್ ಅಪ್‌ಡೇಟ್, ತಪ್ಪು ಸರಿಪಡಿಸುವ ಸಣ್ಣ ಬದಲಾವಣೆ. ಎರಡು ತಾಸು ನಕ್ಷೆ ತೆರೆಯುವುದಿಲ್ಲ ಅಂತ ಬಾಗಿಲಿಗೆ ಚೀಟಿ ಹಚ್ಚಬೇಕು. ‘ತೇಪೆ’ ಅಂತ ಬರೆದೆ. ಸಾಹೇಬರು ನೋಡಿ, “ಇದೇನ್ರೀ, ಹರಕು ಅಂಗಿ ಏನು?” ಅಂದರು. ‘ನವೀಕರಣ’ ಅನ್ನಲಾ?
– ಧಾರವಾಡದಿಂದ

ನವೀಕರಣ ಬೇಡವೇ ಬೇಡ. ಅದು ಲೈಸೆನ್ಸಿಗೆ ಮಾಡಿಸುವುದು. ತಂತ್ರಾಂಶದ ಆವೃತ್ತಿ 3.4.1 ಹೋಗಿ 3.4.2 ಬಂದರೆ ನವ ಏನು ಬಂತು? ಕೊನೆಯ ಅಂಕಿ ಬದಲಾದರೆ ತಪ್ಪು ತಿದ್ದಿದ್ದಾರೆ ಅಂತಷ್ಟೇ. ಹೊಸ ಫಂಕ್ಷನ್ ಬೇಕಿದ್ದರೆ ನಡುವಿನ ಅಂಕಿ ಏರುವ ತನಕ ಕಾಯಬೇಕು. ಹಾಗಾಗಿ ‘ತಿದ್ದಿಕೆ’. ಅಚ್ಚಗನ್ನಡ. ಮುಗೀತು.
– ಗದಗದಿಂದ

ಮುಗೀಲಿಲ್ಲ. ತಿದ್ದಿಕೆ ಅಂತ ಯಾರು ಅಂತಾರೆ, ಹೇಳಿ? ತೇಪೆಗೆ ಏನಾಗಿದೆ? ಇಂಗ್ಲಿಷಿನ ಪ್ಯಾಚೂ ಹೊಲಿಗೆಯ ಮಾತೇ. ಕಂಪ್ಯೂಟರಿಗೆ ತೂತು ಕೊರೆದ ಕಾಗದದ ಟೇಪಿನಲ್ಲಿ ಪ್ರೋಗ್ರಾಂ ಕೊಡುತ್ತಿದ್ದ ಕಾಲದಲ್ಲಿ ತಪ್ಪು ತೂತಿನ ಮೇಲೆ ನಿಜವಾಗಿಯೂ ತುಂಡು ಅಂಟಿಸುತ್ತಿದ್ದರು. ನಮ್ಮಜ್ಜಿಯ ಕೌದಿ ಪೂರಾ ತೇಪೆಯದೇ, ಇಳಕಲ್ ಸೀರೆಯ ಸೆರಗು, ಅಜ್ಜನ ಧೋತರ ಎಲ್ಲ ಅದರಲ್ಲಿವೆ. ಅದನ್ನು ಯಾರೂ ಹರಕು ಅನ್ನಲಿಲ್ಲ.

ಇನ್ನೊಂದು ಮಾತು. ‘ತೇಪೆ ಹಾಕು’ ಅಂತ ಬರೆಯಬೇಡಿ, ‘ಹಚ್ಚು’ ಅನ್ನಿ. ಹೊಸ ಪ್ಯಾಕೇಜನ್ನು ಸರ್ವರಿಗೆ ಹಾಕುವುದು ಒಂದು ಕೆಲಸ. ಆಮೇಲೆ ಒಂದೊಂದು ಡೇಟಾಬೇಸಿನೊಳಗೆ ಹೋಗಿ ‘ಪೋಸ್ಟ್‌ಜಿಐಎಸ್ ಎಕ್ಸ್‌ಟೆನ್ಷನ್ಸ್ ಅಪ್‌ಗ್ರೇಡ್’ ಫಂಕ್ಷನ್ ಓಡಿಸುವುದು ಇನ್ನೊಂದು. ಮೊದಲನೆಯದು ಹಾಕುವುದು, ಎರಡನೆಯದು ಹಚ್ಚುವುದು. ಅರ್ಧ ಜನ ಹಾಕಿ ಸುಮ್ನೆ ಕೂರುತ್ತಾರೆ.
– ಹುಬ್ಬಳ್ಳಿಯಿಂದ

ಕೌದಿ ಕಥೆ ಸಾಕು. ‘ದುರಸ್ತಿ’ ಅನ್ನಿ. ಕೆರೆಗೂ ಅದೇ, ರಸ್ತೆಗೂ ಅದೇ. ಎಲ್ಲರಿಗೂ ತಿಳಿಯುತ್ತೆ.
– ಹಾವೇರಿಯಿಂದ

ಪಾರಸಿ ಪದ. ಒಪ್ಪುವುದಿಲ್ಲ.
– ಗದಗದಿಂದ

ಅರ್ಜಿ, ತಹಶೀಲ್ದಾರ್, ನಕಾಶೆ, ಇವು ಯಾವ ಊರಿನವು ಸ್ವಾಮಿ? ಇವಿಲ್ಲದೆ ಒಂದು ದಿನ ಆಫೀಸು ನಡೆಸಿ ತೋರಿಸಿ. ಹುಬ್ಬಳ್ಳಿಯವರ ‘ಪೂರಾ’ ಕೂಡ ಹೊರಗಿನದೇ. ಅದಕ್ಕೆ ನೀವು ಚಕಾರ ಎತ್ತಲಿಲ್ಲವಲ್ಲ?
– ಹಾವೇರಿಯಿಂದ

ಜಗಳ ಬೇಡ ಅಂತ ಹಾವೇರಿಯವರ ಮಾತು ಹಿಡಿದು ‘ನಾಳೆ 10ರಿಂದ 12, ನಕ್ಷೆ ದುರಸ್ತಿ’ ಅಂತ ಚೀಟಿ ಹಚ್ಚಿದೆ. ಹತ್ತು ನಿಮಿಷ ಆಗಿಲ್ಲ, ಯಜಮಾನರೊಬ್ಬರು ಪಹಣಿ ಹಿಡಿದು ಬಂದರು. ಅವರ ಹೊಲದ ಪೋಡಿ ದುರಸ್ತಿಯೂ (ಹೊಲ ಅಳೆದು ಪಾಲು ಬೇರೆ ಮಾಡುವುದು) ನಾಳೆಯೇ ಆಗುತ್ತಾ ಅಂತ ಕೇಳುತ್ತಿದ್ದಾರೆ. ಚೀಟಿ ಕಿತ್ತಿದ್ದೇನೆ. ಇನ್ನು ಅರ್ಧ ತಾಸಿದೆ, ಬೇರೆ ಪದ ಇದ್ದರೆ ಬೇಗ ಹೇಳಿ.
– ಧಾರವಾಡದಿಂದ